ಗುಡ್ಡೆಗೆ ಯಾವ ಗೇರು?

ಹಸಿರು ದಿನಚರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಸೈಕಲಿನವೇ. ಮಳೆಗಾಲ ಹತ್ತಿರ ಬಂದಿರುವುದರಿಂದ ತುಕ್ಕು, ಚೈನು, ಬ್ರೇಕಿನ ಪ್ರಶ್ನೆಗಳಿಗೆ ಜಾಗ ಹೆಚ್ಚು ಕೊಟ್ಟಿದ್ದೇವೆ. ಒಂದೇ ಸಂಗತಿ ಕೇಳಿದ ಪತ್ರಗಳನ್ನು ಸೇರಿಸಿದ್ದೇವೆ.

ಪ್ರಶ್ನೆ: ಹಟ್ಟಿಯ ಮೂಲೆಯಲ್ಲಿ ಎಂಟು ವರ್ಷದಿಂದ ಒರಗಿಸಿಟ್ಟ 28 ಇಂಚಿನ ಹಳೆಯ ಸೈಕಲ್ ಇದೆ. ಪೇಟೆಗೆ ಮೂರು ಕಿಲೋಮೀಟರ್. ಇದನ್ನೇ ರಿಪೇರಿ ಮಾಡಿಸುವುದೋ, ಗುಜರಿಗೆ ಹಾಕಿ ಹೊಸದು ತರುವುದೋ?
– ಬದಿಯಡ್ಕದಿಂದ

ಉತ್ತರ: ಗುಜರಿಯವರನ್ನು ಕರೆಯುವ ಮೊದಲು ಒಂದು ಸ್ಕ್ರೂಡ್ರೈವರ್ ಹಿಡಿದು ಸೈಕಲನ್ನು ಅಂಗಳದ ಬೆಳಕಿಗೆ ತನ್ನಿ. ನೋಡಬೇಕಾದದ್ದು ಫ್ರೇಮನ್ನು. ಪೆಡಲಿನ ಆಕ್ಸೆಲ್ ಹೋಗುವ ದಪ್ಪ ಕೊಳವೆಯ ಅಡಿಭಾಗ, ಅಲ್ಲಿಂದ ಹಿಂದಿನ ಚಕ್ರಕ್ಕೆ ಹೋಗುವ ಎರಡು ಕೊಳವೆಗಳ ಬುಡ, ಮುಂದಿನ ಫೋರ್ಕಿನ ತಲೆ, ಈ ಮೂರು ಕಡೆ ಸ್ಕ್ರೂಡ್ರೈವರಿನ ತುದಿಯಿಂದ ಗಟ್ಟಿಯಾಗಿ ಗೀರಿ. ಕೆಂಪು ಹುಡಿ ಉದುರಿ ಕೆಳಗೆ ಬಿಳಿ ಕಬ್ಬಿಣ ಕಂಡರೆ ಅದು ಮೇಲುತುಕ್ಕು, ಚಿಂತೆ ಬೇಡ. ಹಪ್ಪಳದ ಹಾಗೆ ಪದರಪದರವಾಗಿ ಎದ್ದು ಬಂದರೆ ಅಥವಾ ತುದಿ ಒಳಗೆ ಇಳಿದರೆ ಆ ಫ್ರೇಮಿನ ಆಯುಸ್ಸು ಮುಗಿಯಿತು. ಅದಕ್ಕೆ ವೆಲ್ಡಿಂಗ್ ಮಾಡಿಸಿ ಓಡಿಸುವ ಸಾಹಸ ಬೇಡ.

ಫ್ರೇಮ್ ಗಟ್ಟಿಯಿದ್ದರೆ ನಮ್ಮ ಅಭಿಪ್ರಾಯ ಸ್ಪಷ್ಟ: ರಿಪೇರಿ ಮಾಡಿಸಿ. ಹೊಸ ಸೈಕಲಿನ ಕಬ್ಬಿಣ ಕಾಯಿಸಲು, ಬಣ್ಣ ಹೊಡೆಯಲು, ಲಾರಿಯಲ್ಲಿ ಇಲ್ಲಿಗೆ ತರಲು ಆಗುವ ಹೊಗೆ ಹಳೆಯದರಲ್ಲಿ ಎಂದೋ ಆಗಿ ಮುಗಿದಿದೆ. ಮೂರು ಕಿಲೋಮೀಟರಿಗೆ ಅದಕ್ಕಿಂತ ಹೆಚ್ಚಿನದು ಬೇಕಾಗಿಯೂ ಇಲ್ಲ.

ಅಂಗಡಿಗೆ ಕೊಡುವಾಗ ಬರಿದೇ 'ಓವರಾಲ್ ಮಾಡಿ' ಎಂದರೆ ಸಾಲದು, ಏನೇನು ಬದಲಾಗಬೇಕೆಂದು ಹೇಳಿ. ಎರಡು ಟಯರು, ಎರಡು ಟ್ಯೂಬು, ರಿಮ್ಮಿನೊಳಗಿನ ಪಟ್ಟಿ. ಟಯರಿನ ಹಲ್ಲು ಹೊಸದರಂತೆ ಕಂಡರೂ ಎಂಟು ವರ್ಷ ಗಾಳಿಯಿಲ್ಲದೆ ನಿಂತ ರಬ್ಬರಿನ ಪಕ್ಕೆ ಬಿರಿದಿರುತ್ತದೆ. ಅದನ್ನು ಉಳಿಸಿದರೆ ಮೊದಲ ವಾರದಲ್ಲೇ ದಾರಿಯಲ್ಲಿ ಕೂರಿಸುತ್ತದೆ. ಬ್ರೇಕಿನ ರಬ್ಬರು ನಾಲ್ಕು. ಚೈನು. ಫ್ರೀವೀಲಿನ (ಹಿಂದಿನ ಹಲ್ಲುಚಕ್ರದ) ಹಲ್ಲುಗಳು ಕೊಕ್ಕೆಯಂತೆ ಒಂದೇ ಕಡೆಗೆ ಬಾಗಿದ್ದರೆ ಅದೂ. ಪೆಡಲಿನ ತೋಳನ್ನು ಆಕ್ಸೆಲಿಗೆ ಹಿಡಿಸುವ ಕಾಟರ್ ಪಿನ್ ಜೋಡಿ. ಆಮೇಲೆ ಬೇರಿಂಗಿನ ಬಾಲ್ಸ್: ಪೆಡಲಿನ ಆಕ್ಸೆಲಿಗೆ ಒಂದೊಂದು ಬದಿಗೆ ಕಾಲು ಇಂಚಿನವು 11, ಹಿಂದಿನ ಹಬ್ಬಿಗೆ (ಚಕ್ರದ ನಡುಗುಂಬಕ್ಕೆ) ಕಾಲು ಇಂಚಿನವು 9, ಮುಂದಿನ ಹಬ್ಬಿಗೆ 3/16 ಇಂಚಿನವು 10. ಹಳೆಯ ಬಾಲಿನ ಜತೆ ಹೊಸದು ಬೆರೆಸಲು ಬಿಡಬೇಡಿ. ಸವೆದದ್ದು ಕೂದಲೆಳೆಯಷ್ಟು ಸಣ್ಣದಾಗಿರುತ್ತದೆ, ಭಾರವೆಲ್ಲ ಹೊಸದರ ಮೇಲೆ ಬಿದ್ದು ಬಾಲ್ಸ್ ಕೂರುವ ಬಟ್ಟಲಿನಲ್ಲಿ ಗುಳಿ ಬೀಳುತ್ತದೆ.

ಸೀಟಿನ ಕಂಬಿ ತುಕ್ಕು ಹಿಡಿದು ಕೂತಿದ್ದರೆ ಸೀಮೆಎಣ್ಣೆ, ಎಂಜಿನ್ ಎಣ್ಣೆ ಸಮಪಾಲು ಬೆರೆಸಿ ಬುಡದ ಸುತ್ತ ಬಿಟ್ಟು ಎರಡು ದಿನ ಕಾಯಿರಿ. ಆಮೇಲೆ ಮರದ ತುಂಡು ಅಡ್ಡ ಹಿಡಿದು ಎಡಕ್ಕೂ ಬಲಕ್ಕೂ ಸುತ್ತಿಗೆಯಿಂದ ತಟ್ಟಿದರೆ ಸಡಿಲಾಗುತ್ತದೆ. ತಿರುಗಿ ಹಾಕುವಾಗ ಗ್ರೀಸ್ ಸವರಿ ಹಾಕಿ. ಎತ್ತರ ಇಷ್ಟು: ಸೀಟಿನಲ್ಲಿ ಕೂತು ಹಿಮ್ಮಡಿಯನ್ನು ಅತ್ಯಂತ ಕೆಳಗಿನ ಪೆಡಲಿನ ಮೇಲಿಟ್ಟಾಗ ಕಾಲು ನೇರವಾಗಬೇಕು. ನಮ್ಮೂರಲ್ಲಿ ಬಹಳ ಮಂದಿ ಸೀಟನ್ನು ಎರಡು ಮೂರು ಇಂಚು ತಗ್ಗಿಸಿ ತುಳಿಯುತ್ತಾರೆ, ಆಮೇಲೆ ಮೊಣಕಾಲು ನೋವಿಗೆ ಸೈಕಲನ್ನು ಬೈಯುತ್ತಾರೆ.

ಪ್ರಶ್ನೆ: ಮನೆ ಸಮುದ್ರದ ಬದಿ. ಚೈನಿಗೆ ಎಣ್ಣೆ ಹಾಕಿದ ನಾಲ್ಕೇ ದಿನಕ್ಕೆ ಕೆಂಪಾಗುತ್ತದೆ. ತೆಂಗಿನೆಣ್ಣೆ ಮನೆಯದೇ ಇದೆ, ಪರಿಸರಕ್ಕೂ ಒಳ್ಳೆಯದಲ್ಲವೇ, ಅದನ್ನೇ ಹಾಕಬಹುದೇ? ಕೆಲವರು ಬೈಕಿನಿಂದ ತೆಗೆದ ಕರಿ ಎಣ್ಣೆ ಹಾಕಲು ಹೇಳುತ್ತಾರೆ.
– ಉಪ್ಪಳದಿಂದ, ಇದೇ ಪ್ರಶ್ನೆ ಮಂಜೇಶ್ವರ, ಕುಂಬಳೆಗಳಿಂದಲೂ

ಉತ್ತರ: ತೆಂಗಿನೆಣ್ಣೆ ಬೇರೆ ಅಡುಗೆ ಎಣ್ಣೆಗಳಷ್ಟು ಬೇಗ ಅಂಟಾಗುವುದಿಲ್ಲ ನಿಜ. ಆದರೆ ಅದಕ್ಕೆ ಮೂರು ದೋಷ. ಒಂದು, ತೆಳು, ಒಂದು ಜಡಿಮಳೆಗೆ ತೊಳೆದುಹೋಗುತ್ತದೆ. ಎರಡು, 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಡಿಸೆಂಬರಿನ ಬೆಳಗ್ಗೆ ಬಾಟಲಿಯಲ್ಲಿ ನೋಡಿದ್ದೀರಲ್ಲ. ಮೂರು, ಇರುವೆಗೂ ಜಿರಲೆಗೂ ಅದು ಇಷ್ಟ. ಏನೂ ಇಲ್ಲದಾಗ ಒಂದು ದಿನದ ಮಟ್ಟಿಗೆ ಸರಿ, ಮಳೆಗಾಲಕ್ಕೆ ಅಲ್ಲ.

ಕರಿ ಎಣ್ಣೆ ಮಾತ್ರ ಖಂಡಿತ ಬೇಡ. ಎಂಜಿನಿನೊಳಗೆ ಸುಟ್ಟ ಆ ಎಣ್ಣೆಯಲ್ಲಿ ಲೋಹದ ಹುಡಿ, ಮಸಿ, ಆಮ್ಲ ಎಲ್ಲ ಇರುತ್ತದೆ. ಚೈನನ್ನು ಅರದ ಹಾಗೆ ಅದೇ ತೇಯುತ್ತದೆ. ಅದಕ್ಕಿಂತ ದೊಡ್ಡ ಕಾರಣ ನಿಮ್ಮ ಬಾವಿ. ಮುರಕಲ್ಲಿನ ನೆಲದಲ್ಲಿ ಅಂಗಳಕ್ಕೆ ಬಿದ್ದ ನೀರು ಇಳಿಯಲು ಹೊತ್ತು ಬೇಡ, ಬಾವಿಗೂ ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ಸುರಂಗಕ್ಕೂ ನೀರು ಬರುವುದು ಆ ಕಲ್ಲಿನ ತೂತುಗಳಿಂದಲೇ. ಸೈಕಲ್ ತುಳಿದು ಹಸಿರಾದೆವು ಎಂದುಕೊಂಡು ಬಾವಿಕಟ್ಟೆಯ ಪಕ್ಕದಲ್ಲಿ ಕರಿ ಎಣ್ಣೆ ತೊಳೆದರೆ ಲೆಕ್ಕ ಎಲ್ಲಿಗೆ ಬಂತು?

ಹೊಸ 20ಡಬ್ಲ್ಯು-40 ಎಂಜಿನ್ ಎಣ್ಣೆ ಒಂದು ಸಣ್ಣ ಡಬ್ಬ ತನ್ನಿ. ಹೊಲಿಗೆ ಯಂತ್ರದ ಎಣ್ಣೆ ಬೇಸಗೆಗೆ ಸಾಕು, ಮಳೆಗೆ ಅದೂ ತೆಳು. ಅರ್ಧ ಇಂಚಿನ ಚೈನಿನಲ್ಲಿ ಸುಮಾರು 112 ರೋಲರುಗಳಿರುತ್ತವೆ. ಒಂದೊಂದಕ್ಕೆ ಒಂದು ಹನಿ ಎಂದರೆ ಇಡೀ ಚೈನಿಗೆ ಐದಾರು ಮಿಲಿಲೀಟರ್, ಅಂದರೆ ಒಂದು ಟೀ ಚಮಚ. ಅದಕ್ಕಿಂತ ಹೆಚ್ಚು ಹಾಕಿದ್ದೆಲ್ಲ ಮಣ್ಣು ಹಿಡಿಯುವುದಕ್ಕೆ.

ಮೊದಲು ತೊಳೆಯಬೇಕು. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ಅದ್ದಿ, ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ನಾಲ್ಕೂ ಬದಿ ಉಜ್ಜಿ. 50 ಮಿಲಿ ಸಾಕು. ಕೆಳಗೆ ಅಗಲ ಬಾಯಿಯ ಡಬ್ಬ ಇಡಿ. ಇಳಿದದ್ದನ್ನು ಬಾಟಲಿಗೆ ತುಂಬಿ ಎರಡು ದಿನ ಬಿಟ್ಟರೆ ಮಡ್ಡಿ ಅಡಿಗೆ ಕೂತು ಮೇಲಿನದು ತಿಳಿಯಾಗುತ್ತದೆ. ಮುಂದಿನ ಸಲಕ್ಕೆ ಅದೇ ಸಾಕು. ಮಡ್ಡಿ ಒಂದಷ್ಟು ಸೇರಿದಾಗ ಗ್ಯಾರೇಜಿನ ಹಳೆ ಎಣ್ಣೆಯ ಡ್ರಮ್ಮಿಗೆ ಹಾಕಿ ಬನ್ನಿ. ಚೈನನ್ನು ಬಟ್ಟೆಯಿಂದ ಒರಸಿ, ಬಿಸಿಲಿಗಿಟ್ಟು ಪೂರ್ತಿ ಒಣಗಿಸಿ. ಒದ್ದೆ ಚೈನಿಗೆ ಎಣ್ಣೆ ಹಾಕಿದರೆ ನೀರು ಒಳಗೆ ಉಳಿದು ಎಣ್ಣೆ ಹೊರಗೆ ನಿಲ್ಲುತ್ತದೆ. ನಿಮ್ಮ ನಾಲ್ಕು ದಿನದ ಕೆಂಪಿಗೆ ಹೆಚ್ಚಾಗಿ ಇದೇ ಕಾರಣ. ಹನಿ ಹಾಕಿ ಹತ್ತು ನಿಮಿಷ ಪೆಡಲು ತಿರುಗಿಸುತ್ತ ಬಿಟ್ಟು, ಒಣಬಟ್ಟೆಯಲ್ಲಿ ಚೈನನ್ನು ಹಿಡಿದು ಗಟ್ಟಿಯಾಗಿ ಒರಸಿ. ಎಣ್ಣೆ ಬೇಕಾದದ್ದು ರೋಲರಿನೊಳಗೆ, ಹೊರಮೈಗೆ ಅಲ್ಲ. ಮುಟ್ಟಿದರೆ ಕೈಗೆ ಕಪ್ಪು ಹತ್ತದಷ್ಟು ಒರಸಿದರೆ ಕೆಲಸ ಸರಿಯಾಯಿತು.

ಕಡಲ ಬದಿಯವರು ವಾರಕ್ಕೊಮ್ಮೆ ಒಂದು ಬಾಲ್ದಿ ಸಿಹಿನೀರಿನಲ್ಲಿ ಸೈಕಲನ್ನು ತೊಳೆಯಬೇಕು. ಚೊಂಬಿನಿಂದ ಹೊಯ್ಯಿರಿ, ಸರ್ವಿಸ್ ಸ್ಟೇಷನ್ನಿನ ಪೈಪಿನಿಂದ ಅಲ್ಲ. ಆ ರಭಸಕ್ಕೆ ನೀರು ಹಬ್ಬಿನೊಳಗೆ ನುಗ್ಗಿ ಗ್ರೀಸನ್ನು ಕೆಡಿಸುತ್ತದೆ.

ಚೈನು ಸವೆದಿದೆಯೇ ಎಂದು ತಿಳಿಯಲು ಮಕ್ಕಳ ಸ್ಟೀಲ್ ಫುಟ್‌ರೂಲರ್ ಸಾಕು. ಒಂದು ಪಿನ್ನಿನ ನಡುವೆ ಸೊನ್ನೆ ಇಟ್ಟು 24 ಪಿನ್ ಮುಂದೆ ನೋಡಿ. ಸರಿಯಾಗಿ 12 ಇಂಚು ಇದ್ದರೆ ಹೊಸದರಂತೆ. 1/16 ಇಂಚು ದಾಟಿದ್ದರೆ ಚೈನು ಬದಲಿಸಿ. 1/8 ಇಂಚು ದಾಟುವವರೆಗೆ ಬಿಟ್ಟಿರೋ, ಫ್ರೀವೀಲೂ ಹೋಯಿತು. ಹೊಸ ಚೈನು ಹಾಕಿದರೆ ಹಲ್ಲಿನ ಮೇಲೆ ಹಾರುತ್ತದೆ.

ಮಂಜೇಶ್ವರದವರು ರಿಮ್ಮಿನ ತುಕ್ಕಿನ ಬಗ್ಗೆಯೂ ಕೇಳಿದ್ದಾರೆ. ಹಿತ್ತಿಲಲ್ಲಿ ಬಿಂಬುಳಿ ಇದ್ದರೆ ಬೇರೆ ಮದ್ದು ಬೇಡ. ಅದರಲ್ಲಿರುವ ಆಕ್ಸಾಲಿಕ್ ಆಮ್ಲ ತುಕ್ಕನ್ನು ಕರಗಿಸುತ್ತದೆ. ಕಾಯಿ ಸೀಳಿ ಕ್ರೋಮಿನ ಮೇಲೆ ಉಜ್ಜಿ, ಹತ್ತು ನಿಮಿಷ ಬಿಟ್ಟು ತೊಳೆದು ಒರಸಿ. ಅರ್ಧ ದಿನ ಹಾಗೇ ಬಿಡಬೇಡಿ, ಕ್ರೋಮಿನ ತೂತುಗಳಲ್ಲಿ ಆಮ್ಲ ಕಬ್ಬಿಣವನ್ನೇ ಹಿಡಿಯುತ್ತದೆ. ಚೈನಿಗೂ ಬಾಲ್ಸ್ ಇರುವ ಜಾಗಕ್ಕೂ ಇದು ಬೇಡ. ಕೊನೆಗೆ ಎಣ್ಣೆಬಟ್ಟೆ ಸವರುವವರು ಬ್ರೇಕಿನ ರಬ್ಬರು ತಾಗುವ ಭಾಗವನ್ನು ಬಿಟ್ಟು ಸವರಿ.

ಪ್ರಶ್ನೆ: ನಮ್ಮ ಗುಡ್ಡೆಯಲ್ಲಿ ಗೇರು ಬೇಕಾದಷ್ಟಿದೆ, ಸೈಕಲಿಗೆ ಮಾತ್ರ ಇಲ್ಲ! ಮನೆಯಿಂದ ರಸ್ತೆಗೆ ಒಂದೂವರೆ ಕಿಲೋಮೀಟರ್ ಏರು. ಗೇರ್ ಸೈಕಲ್ ತೆಗೆದುಕೊಳ್ಳಲೇಬೇಕೇ? ತೆಗೆದುಕೊಂಡರೆ ಎಷ್ಟು ಗೇರಿನದು?
– ಮುಳ್ಳೇರಿಯದಿಂದ

ಉತ್ತರ: ಗೇರಿನ ಸಂಖ್ಯೆ ಕೇಳಬೇಡಿ, ಹಲ್ಲು ಎಣಿಸಿ. ಅಂಗಡಿಯವರು 21 ಎಂದರೆ ನಮಗೆ 7ಕ್ಕಿಂತ ಮೂರು ಪಾಲು ಸುಲಭ ಎಂದು ಕೇಳಿಸುತ್ತದೆ, ಅದು ಹಾಗಲ್ಲ. ಏರಿಗೆ ಬೇಕಾದದ್ದು ಒಂದೇ ಒಂದು ಗೇರು: ಮುಂದೆ ಅತಿ ಸಣ್ಣದು, ಹಿಂದೆ ಅತಿ ದೊಡ್ಡದು.

ಸಾದಾ ಸೈಕಲಿನಲ್ಲಿ ಮುಂದೆ 44 ಹಲ್ಲು, ಹಿಂದೆ 18. ಪೆಡಲು ಒಂದು ಸುತ್ತು ಬಂದರೆ 28 ಇಂಚಿನ ಸೈಕಲ್ ಸುಮಾರು ಐದೂವರೆ ಮೀಟರ್ ಮುಂದೆ ಹೋಗುತ್ತದೆ. ಮುಂದೆ 24, ಹಿಂದೆ 28 ಇರುವ 26 ಇಂಚಿನ ಗೇರ್ ಸೈಕಲಿನಲ್ಲಿ ಅದೇ ಒಂದು ಸುತ್ತಿಗೆ ಸುಮಾರು 1.8 ಮೀಟರ್ ಮಾತ್ರ. ಕಾಲಿಗೆ ಬೀಳುವ ಭಾರವೂ ಅದೇ ಪ್ರಮಾಣದಲ್ಲಿ, ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ನಡೆಯುವ ವೇಗದಲ್ಲೇ ಏರುತ್ತೀರಿ, ಆದರೆ ಕೂತುಕೊಂಡು, ಉಸಿರು ಕಟ್ಟದೆ. ಅಂಗಡಿಯಲ್ಲಿ ನೀವು ಕೇಳಬೇಕಾದದ್ದು ಇಷ್ಟೇ: ಹಿಂದಿನ ದೊಡ್ಡ ಹಲ್ಲುಚಕ್ರ ಮುಂದಿನ ಸಣ್ಣ ಹಲ್ಲುಚಕ್ರದಷ್ಟಾದರೂ ದೊಡ್ಡದಿದೆಯೇ? ಮುಂದೆ ಒಂದೇ 42ರ ಹಲ್ಲುಚಕ್ರವಿದ್ದು ಹಿಂದೆ 28 ಇರುವ 'ಏಳು ಗೇರಿನ' ಸೈಕಲ್ ಬಯಲಿನ ಊರಿನದು, ಮುಳ್ಳೇರಿಯದ್ದಲ್ಲ.

ಹೊಸದು ಬೇಡ, ಇರುವುದರಲ್ಲೇ ಸುಧಾರಿಸುತ್ತೇನೆ ಎಂದಾದರೆ 18 ಹಲ್ಲಿನ ಫ್ರೀವೀಲ್ ತೆಗೆದು 22ರದ್ದು ಹಾಕಿಸಿ. ಒಂದು ಸುತ್ತಿಗೆ ನಾಲ್ಕೂವರೆ ಮೀಟರಿಗೆ ಇಳಿಯುತ್ತದೆ. ಚೈನಿಗೆ ಎರಡು ಕೊಂಡಿ ಸೇರಿಸಬೇಕಾದೀತು. ಖರ್ಚು ಅಲ್ಪ, ಸಣ್ಣ ಏರುಗಳೆಲ್ಲ ಕಾಲಿಗೆ ಬರುತ್ತವೆ. ತೀರ ಕಡಿದಾದಲ್ಲಿ ಇಳಿದು ನೂಕಿ. ಇನ್ನೂರು ಮೀಟರ್ ನೂಕುವುದು ಸೋಲೇನಲ್ಲ.

ಗೇರಿನದೇ ತಂದರೆ ಏರು ಶುರುವಾಗುವ ಮೊದಲೇ ಗೇರು ಇಳಿಸಿ. ನಡು ಏರಿನಲ್ಲಿ ನಿಂತು ತುಳಿಯುತ್ತ ಗೇರು ಬದಲಿಸಿದರೆ ಚೈನಿನ ಪಿನ್ನು ಬಾಗುತ್ತದೆ. ಚೈನು ತುಂಡಾಗುವುದು ಹೆಚ್ಚಾಗಿ ಹೀಗೆಯೇ. ಹೊಸ ಕೇಬಲ್ ಮೊದಲ ತಿಂಗಳಲ್ಲಿ ಸ್ವಲ್ಪ ಎಳೆದುಕೊಳ್ಳುತ್ತದೆ. ದೊಡ್ಡ ಹಲ್ಲಿಗೆ ಏರಲು ಚೈನು ಹಿಂದೇಟು ಹಾಕಿದರೆ ಹಿಂದಿನ ಡಿರೈಲರಿಗೆ (ಚೈನನ್ನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ಸರಿಸುವ ಭಾಗ) ಕೇಬಲ್ ಸೇರುವಲ್ಲಿರುವ ಗುಂಡು ಸ್ಕ್ರೂವನ್ನು ಎಡಕ್ಕೆ ಅರ್ಧ ಸುತ್ತು ತಿರುಗಿಸಿ ನೋಡಿ. ಸೈಕಲ್ ಬಲಮಗ್ಗುಲಿಗೆ ಬಿದ್ದಿದ್ದರೆ ಮಾತ್ರ ಹಾಗೇ ಓಡಿಸಬೇಡಿ. ಡಿರೈಲರ್ ತೂಗುವ ಕಿವಿ ಒಳಕ್ಕೆ ಬಾಗಿದ್ದರೆ ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ ಚೈನು ಬಂದಾಗ ಅದು ಸ್ಪೋಕಿಗೆ ಸಿಕ್ಕಿಕೊಂಡು ಚಕ್ರವನ್ನೇ ಮುರಿಯುತ್ತದೆ.

ಪ್ರಶ್ನೆ: ಒಂದೇ ವರ್ಷದ ಸೈಕಲ್, ಮಳೆಗೆ ನಿಲ್ಲಿಸಿದ್ದೇ ಇಲ್ಲ. ತೋಟದ ಮದ್ದಿನ ಸಾಮಾನು ಇಡುವ ಕೋಣೆಯಲ್ಲಿ ಇಟ್ಟಿರುತ್ತೇವೆ. ಆದರೂ ಸ್ಪೋಕು, ನಿಪ್ಪಲ್ ಎಲ್ಲ ತುಕ್ಕು. ಕೆಲವು ಕಡೆ ಕೆಂಪು ತಾಮ್ರದಂಥ ಬಣ್ಣ.
– ಪೆರ್ಲದಿಂದ

ಉತ್ತರ: ತಾಮ್ರದಂಥದ್ದಲ್ಲ, ತಾಮ್ರವೇ. ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ ಬೆರೆಸಿ ತೋಟಕ್ಕೆ ಹೊಡೆಯುವ ಬೋರ್ಡೋ ಮಿಶ್ರಣದಲ್ಲಿ ಸುಣ್ಣ ಸಾಕಾಯಿತೇ ಎಂದು ನೋಡಲು ಕತ್ತಿ ಅದ್ದುತ್ತೀರಲ್ಲ, ಸುಣ್ಣ ಕಡಮೆಯಾದರೆ ಅಲಗು ಕೆಂಪಾಗುತ್ತದೆ. ಮೈಲುತುತ್ತಿನ ನೀರಿನಲ್ಲಿ ಕಬ್ಬಿಣ ಕರಗಿ ಆ ಜಾಗದಲ್ಲಿ ತಾಮ್ರ ಕೂರುವುದು ಅದು. ನಿಮ್ಮ ಸ್ಪೋಕಿಗೂ ಆದದ್ದು ಅದೇ. ತುತ್ತಿನ ಹುಡಿಯೋ ಪಂಪಿನ ಪೈಪಿನಿಂದ ಸಿಡಿದ ಹನಿಯೋ ಬಿದ್ದು, ಮೊದಲು ಸತುವಿನ ಲೇಪ, ಆಮೇಲೆ ಕಬ್ಬಿಣ ತಿಂದಿದೆ. ಸೈಕಲನ್ನು ಸಾಬೂನು ನೀರಿನಿಂದ ತೊಳೆದು ಒಣಗಿಸಿ, ಜಗಲಿಗೆ ಸ್ಥಳಾಂತರಿಸಿ. ಉಗುರು ಸಿಕ್ಕುವಷ್ಟು ಗುಳಿ ಬಿದ್ದ ಸ್ಪೋಕುಗಳನ್ನು ಬದಲಿಸಿ, ಅವು ತುಂಡಾಗುವುದು ಗುಂಡಿಗೆ ಇಳಿದಾಗಲೇ.

ಪ್ರಶ್ನೆ: ಮಗಳು ಸೈಕಲಿನಲ್ಲಿ ಶಾಲೆಗೆ ಹೋಗುತ್ತಾಳೆ. ಮಳೆ ಬಂದರೆ ಬ್ರೇಕ್ ಹಿಡಿಯುವುದೇ ಇಲ್ಲ ಎನ್ನುತ್ತಾಳೆ. ಬ್ರೇಕ್ ಹೊಸದೇ ಹಾಕಿಸಿದ್ದೇವೆ.
– ಕುಂಬಳೆಯಿಂದ

ಉತ್ತರ: ದೋಷ ರಬ್ಬರಿನದಲ್ಲ, ರಿಮ್ಮಿನದು. ಕ್ರೋಮ್ ಹಾಕಿದ ಕಬ್ಬಿಣದ ರಿಮ್ಮಿನ ಮೇಲೆ ನೀರಿನ ಪೊರೆ ನಿಂತಿರುವಾಗ ರಬ್ಬರಿಗೆ ಹಿಡಿತವೇ ಸಿಗುವುದಿಲ್ಲ. ಮೊದಲ ಒಂದೆರಡು ಸುತ್ತು ನೀರು ಒರಸುವುದಕ್ಕೇ ಹೋಗುತ್ತದೆ. ಮಗಳಿಗೆ ಇದನ್ನು ಕಲಿಸಿ: ನಿಲ್ಲಬೇಕಾದ ಜಾಗಕ್ಕೆ ಬಹಳ ಮೊದಲೇ ಎರಡೂ ಬ್ರೇಕನ್ನು ಮೆಲ್ಲನೆ ತಾಗಿಸಿ ಹಿಡಿಯಬೇಕು, ರಿಮ್ಮು ಒರಸಿದ ಮೇಲೆ ಬಿಗಿಯಬೇಕು. ಖಾಲಿ ದಾರಿಯಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿಸಿದರೆ ಅಂದಾಜು ಸಿಗುತ್ತದೆ. ಚಕ್ರ ಬದಲಿಸುವ ಸಂದರ್ಭ ಬಂದರೆ ಅಲ್ಯುಮಿನಿಯಂ ರಿಮ್ಮು ಹಾಕಿಸಿ, ಒದ್ದೆಯಲ್ಲಿ ಅದರ ಹಿಡಿತವೇ ಬೇರೆ.

ರಬ್ಬರಿನ ಮೈಯನ್ನು ವಾರಕ್ಕೊಮ್ಮೆ ನೋಡಿ. ಮರಳಿನ ಕಣ, ಲೋಹದ ಚೂರು ಚುಚ್ಚಿಕೊಂಡಿದ್ದರೆ ಸೂಜಿಯಿಂದ ಕೀಳಿ. ಕರ್ರ್ ಎಂದು ಕೇಳುವುದು ಅದೇ, ರಿಮ್ಮನ್ನು ಕೊರೆಯುವುದೂ ಅದೇ. ರಬ್ಬರಿಗೂ ರಿಮ್ಮಿಗೂ ಎರಡು ಮಿಲಿಮೀಟರ್ ಸಂದು ಸಾಕು.

ಒಂದು ಕೈಯಲ್ಲಿ ಕೊಡೆ ಹಿಡಿದು ಸೈಕಲ್ ಬಿಡುವ ಅಭ್ಯಾಸ ನಮ್ಮ ಕಡೆ ಇನ್ನೂ ಇದೆ. ಕೊಡೆ ಹಿಡಿದರೆ ಒಂದು ಬ್ರೇಕು ಹೋಯಿತು ಎಂದೇ ಅರ್ಥ, ಗಾಳಿ ಬೀಸಿದರೆ ಹ್ಯಾಂಡಲೂ ಹೋಯಿತು. ರೈನ್‌ಕೋಟು ತುಸು ಗಿಡ್ಡದಿರಲಿ, ಅಂಚು ಚೈನಿಗೆ ಸಿಕ್ಕಬಾರದು. ಮುಂದಿನ ಮಡ್‌ಗಾರ್ಡಿನ ಕೆಳತುದಿಗೆ ಹಳೆಯ ಟ್ಯೂಬಿನ ಅಂಗೈಯಗಲದ ತುಂಡನ್ನು ಎರಡು ಸ್ಕ್ರೂ ಹಾಕಿ ನೇತುಬಿಟ್ಟರೆ ಶೂವಿಗೂ ಚೈನಿಗೂ ಕೆಸರು ಹಾರುವುದಿಲ್ಲ. ಹೆದ್ದಾರಿ 66ರ ಬದಿಯಲ್ಲಿ ಹೋಗುವುದಾದರೆ ಸರ್ವಿಸ್ ರಸ್ತೆಯಲ್ಲೇ ಹೋಗಲಿ. ಅಲ್ಲಿ ಎದುರಿನಿಂದಲೂ ವಾಹನ ಬರುತ್ತದೆ ಎಂಬ ಎಚ್ಚರ ಇರಲಿ. ಹೊಂಡದಲ್ಲಿ ನೀರು ನಿಂತಿದ್ದರೆ ಆಳ ಗೊತ್ತಾಗದು, ಬಳಸಿಕೊಂಡು ಹೋಗಲು ಹೇಳಿ.

ಪ್ರಶ್ನೆ: ಹಿಂದಿನ ಚಕ್ರಕ್ಕೆ ಸಂಜೆ ಗಾಳಿ ಹಾಕಿದರೆ ಬೆಳಗ್ಗೆ ಅರ್ಧ. ಪಂಕ್ಚರ್ ಅಂಗಡಿಯವರು ನೀರಿಗಿಳಿಸಿ ನೋಡಿ 'ತೂತೇ ಇಲ್ಲ' ಎಂದರು.
– ಹೊಸಂಗಡಿಯಿಂದ

ಉತ್ತರ: ವಾಲ್ ಟ್ಯೂಬ್ ನೋಡಿ. ಹಳೆಯ ಮಾದರಿಯ ವಾಲ್ವಿನೊಳಗೆ ಕಡ್ಡಿಯಂಥ ಪಿನ್ನಿಗೆ ಸಣ್ಣ ರಬ್ಬರಿನ ತೋಳು ಹಾಕಿರುತ್ತಾರೆ, ಗಾಳಿಯನ್ನು ತಡೆಯುವುದು ಅದೊಂದೇ. ಸೆಕೆಗೆ ಅದು ಬಿರಿಯುತ್ತದೆ. ಚಕ್ರ ತಿರುಗಿಸಿ ವಾಲ್ವನ್ನು ಮೇಲೆ ತಂದು, ಕೆಳಮುಖವಾದ ಅದರ ತುದಿಯನ್ನು ಒಂದು ಗ್ಲಾಸು ನೀರಿನಲ್ಲಿ ಮುಳುಗಿಸಿ ಎರಡು ನಿಮಿಷ ಕಾಯಿರಿ, ಗುಳ್ಳೆ ಒಂದೊಂದಾಗಿ ಎದ್ದೇಳುತ್ತದೆ. ಎರಡೂವರೆಯಿಂದ ಮೂರು ಸೆಂಟಿಮೀಟರ್ ಹೊಸ ರಬ್ಬರು ಕತ್ತರಿಸಿ, ನೀರಿನಲ್ಲಿ ಒದ್ದೆ ಮಾಡಿ ಪಿನ್ನಿನ ತೂತು ಮುಚ್ಚಿ ಮೇಲಿನ ಉಬ್ಬಿನವರೆಗೆ ಏರಿಸಿ. ಎಣ್ಣೆ ಹಚ್ಚಿ ಏರಿಸಿದರೆ ಸುಲಭ ಎನಿಸಬಹುದು, ಆದರೆ ಎಣ್ಣೆಗೆ ರಬ್ಬರು ಉಬ್ಬಿ ಹಾಳಾಗುತ್ತದೆ. ಮುಂದೆ ಟ್ಯೂಬು ಬದಲಿಸುವಾಗ ಬೈಕಿನಂಥ ವಾಲ್ವ್ ಇರುವುದನ್ನೇ ಕೇಳಿ, ರಿಮ್ಮಿನ ಅದೇ ತೂತಿಗೆ ಹಿಡಿಯುತ್ತದೆ, ಗಾಳಿಯ ಒತ್ತಡವನ್ನೂ ಅಳೆಯಬಹುದು. 28 ಇಂಚಿನ ಸಾದಾ ಟಯರಿಗೆ 45ರಿಂದ 50 ಪೌಂಡ್.

ಪ್ರಶ್ನೆ: ನಮ್ಮದು ಜಾಲಿಮುಳ್ಳಿನ ಸೀಮೆ. ವಾರಕ್ಕೆ ಎರಡು ಪಂಕ್ಚರ್. ತಿದ್ದಿದ್ದೂ ಮತ್ತೆ ಬಿಡುತ್ತದೆ. ಏನಾದರೂ ಉಪಾಯ?
– ಮಹಾರಾಷ್ಟ್ರದ ಜತ್ತದಿಂದ

ಉತ್ತರ: ತಿದ್ದಿದ್ದು ಬಿಡುವುದಕ್ಕೆ ಅವಸರವೇ ಕಾರಣ. ಟ್ಯೂಬನ್ನು ಮರಳು ಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಿ, ಸೊಲ್ಯೂಶನ್ ತೆಳ್ಳಗೆ ಸವರಿ ಐದು ನಿಮಿಷ ಬಿಡಬೇಕು. ಹೊಳಪು ಹೋಗಿ ಮಂಕಾದ ಮೇಲೆ ಪ್ಯಾಚ್ ಒತ್ತಬೇಕು. ಹಸಿಯಿರುವಾಗ ಒತ್ತಿದರೆ ಒಳಗೆ ಆವಿ ಸಿಕ್ಕಿ ಬಿಸಿಲಿಗೆ ಏಳುತ್ತದೆ. ಟಯರಿನ ಒಳಮೈಯನ್ನು ಹತ್ತಿಯ ಉಂಡೆಯಿಂದ ಸುತ್ತ ಒರಸಿ. ಮುರಿದ ಮುಳ್ಳಿನ ತುದಿ ಇದ್ದರೆ ಎಳೆ ಸಿಕ್ಕಿಕೊಂಡು ತೋರಿಸುತ್ತದೆ, ಬೆರಳಿಗೆ ಚುಚ್ಚಿಸಿಕೊಳ್ಳುವುದು ತಪ್ಪುತ್ತದೆ. ತೂತು ಪಕ್ಕಪಕ್ಕದಲ್ಲಿ ಎರಡು, ಹಾವು ಕಚ್ಚಿದ ಹಾಗಿದ್ದರೆ ಅದು ಮುಳ್ಳಿನದಲ್ಲ, ಗಾಳಿ ಕಡಮೆಯಾಗಿ ಕಲ್ಲಿಗೆ ರಿಮ್ಮು ಬಡಿದದ್ದು.

ಉಪಾಯ ಎಂದರೆ ಹಳೆಯ ಟ್ಯೂಬಿನ ವಾಲ್ವ್ ಕತ್ತರಿಸಿ ತೆಗೆದು, ಉದ್ದಕ್ಕೆ ಸೀಳಿ, ಟಯರಿಗೂ ಟ್ಯೂಬಿಗೂ ನಡುವೆ ಹಾಸಿ. ಎರಡರ ಮಧ್ಯೆ ಸ್ವಲ್ಪ ಪೌಡರ್ ಎರಚಿದರೆ ಅಂಚು ಟ್ಯೂಬನ್ನು ಕೊರೆಯುವುದಿಲ್ಲ. ತುಳಿಯಲು ತುಸು ಭಾರವಾಗುತ್ತದೆ, ಆದರೆ ಸಣ್ಣ ಮುಳ್ಳು ಅಲ್ಲೇ ನಿಲ್ಲುತ್ತದೆ. ಇದಕ್ಕೆ ಕಾಸು ಖರ್ಚಿಲ್ಲ, ಎಸೆಯುವ ರಬ್ಬರಿಗೂ ಕೆಲಸ. ಬಳ್ಳಾರಿ ಜಾಲಿಯ ಉದ್ದ ಮುಳ್ಳಿಗೆ ಇದು ಸಾಲದು. ಅಲ್ಲಿ ಬೈಕಿನಂಥ ವಾಲ್ವಿನ ಟ್ಯೂಬಿಗೆ 100ರಿಂದ 120 ಮಿಲಿ ಸೀಲೆಂಟ್ ದ್ರವ ಹಾಕಿಸಬಹುದು. ಬಿಸಿಲಿಗೆ ಕೆಲವು ತಿಂಗಳಲ್ಲಿ ಒಣಗುತ್ತದೆ, ಮತ್ತೆ ಹಾಕಬೇಕು.

ಪ್ರಶ್ನೆ: ತುಳಿಯುವಾಗ 'ಕಟಕ್' ಎನ್ನುತ್ತದೆ. ಮೂರು ಕಡೆ ತೋರಿಸಿದೆ, ಒಬ್ಬರು ಚೈನು ಎಂದರು, ಒಬ್ಬರು ಹಬ್ಬು ಎಂದರು. ಮೂರನೆಯವರು ಬರಿದೇ ಎಣ್ಣೆ ಬಿಟ್ಟರು.
– ನೀರ್ಚಾಲಿನ ಶಿಕ್ಷಕರೊಬ್ಬರು

ಉತ್ತರ: ಮಾಸ್ಟ್ರೇ, ಲೆಕ್ಕ ಹಾಕಿ ಹಿಡಿಯಬಹುದಾದ ಕಳ್ಳ ಇದು. ಪೆಡಲು ನಿಲ್ಲಿಸಿ ಸೈಕಲನ್ನು ಹಾಗೇ ಓಡಲು ಬಿಡಿ. ಆಗಲೂ ಶಬ್ದ ಬಂದರೆ ಚಕ್ರದ್ದು: ಹಬ್ಬು, ಸಡಿಲ ಸ್ಪೋಕು, ಅಥವಾ ರಿಮ್ಮಿಗೆ ಬಡಿಯುವ ವಾಲ್ವಿನ ನಟ್ಟು. ತುಳಿದಾಗ ಮಾತ್ರ ಬಂದರೆ ಎಣಿಸಿ. ಪೆಡಲಿನ ಒಂದು ಸುತ್ತಿಗೆ ಒಂದು ಸಲ ಎಂದಾದರೆ ಕಾಟರ್ ಪಿನ್ನೋ ಪೆಡಲೋ. ಎರಡೂವರೆ ಸುತ್ತಿಗೊಮ್ಮೆ ಎಂದಾದರೆ ಚೈನಿನಲ್ಲಿ ಬಿಗಿದುಕೊಂಡ ಒಂದು ಕೊಂಡಿ. 112 ಕೊಂಡಿಯನ್ನು 44 ಹಲ್ಲಿನಿಂದ ಭಾಗಿಸಿ ನೋಡಿ, ಉತ್ತರ ಅಲ್ಲಿಗೇ ಬರುತ್ತದೆ. ಆ ಕೊಂಡಿಯನ್ನು ಎರಡು ಕೈಯಲ್ಲಿ ಹಿಡಿದು ಅಡ್ಡಡ್ಡಕ್ಕೆ ನಾಲ್ಕು ಸಲ ಬಗ್ಗಿಸಿ ಒಂದು ಹನಿ ಎಣ್ಣೆ ಬಿಟ್ಟರೆ ಮುಗಿಯಿತು.

ಕಾಟರ್ ಪಿನ್ ಆದರೆ ನಟ್ಟು ಬಿಗಿದು ಸರಿಮಾಡಲು ನೋಡಬೇಡಿ. ಪಿನ್ನನ್ನು ಹಿಡಿದಿರುವುದು ಅದರ ಓರೆಮೈ, ನಟ್ಟು ಬರಿಯ ಕಾವಲು. ಬಲವಾಗಿ ಬಿಗಿದರೆ ತಿರುಪು ಕಿತ್ತುಬರುತ್ತದೆ. ಕ್ರ್ಯಾಂಕಿನ (ಪೆಡಲಿನ ತೋಳಿನ) ಕೆಳಗೆ ಕಬ್ಬಿಣದ ಪೈಪಿನ ತುಂಡನ್ನು ನೆಲಕ್ಕೆ ಆನಿಸಿಟ್ಟು, ಪಿನ್ನಿನ ದಪ್ಪ ತಲೆಗೆ ಸುತ್ತಿಗೆಯಿಂದ ಎರಡು ಪೆಟ್ಟು ಕೊಟ್ಟು, ಆಮೇಲೆ ನಟ್ಟು ಹಿಡಿಸಿ. ಆನಿಕೆ ಇಲ್ಲದೆ ಹೊಡೆದರೆ ಪೆಟ್ಟೆಲ್ಲ ಒಳಗಿನ ಬಾಲ್ಸಿಗೆ. ಹೊಸ ಪಿನ್ ಹಾಕಿ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಇದೇ ಉಪಚಾರ ಬೇಕು. ಪೆಡಲು ಸಡಿಲವಾಗಿದ್ದರೆ ನೆನಪಿಡಿ: ಎಡದ ಪೆಡಲಿನ ತಿರುಪು ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿಯುತ್ತದೆ.

ಪ್ರಶ್ನೆ: ಅಡುಗೆಮನೆಯ ಕಸಕ್ಕೆ ಪೈಪ್ ಕಂಪೋಸ್ಟ್ ಮಾಡಿದ್ದೇವೆ. ಬೇಸಗೆಯಲ್ಲಿ ಚೆನ್ನಾಗಿತ್ತು, ಮಳೆಗಾಲದ ಆಟಿ ತಿಂಗಳು ಬಂತೆಂದರೆ ನಾತ, ಹುಳ. ಪೈಪೇ ಕಿತ್ತುಬಿಡೋಣವೇ?
– ಮಧೂರಿನಿಂದ

ಉತ್ತರ: ಕೀಳಬೇಡಿ, ಜಾಗ ಬದಲಿಸಿ. 8 ಇಂಚಿನ ಪೈಪು 1.3 ಮೀಟರ್ ಉದ್ದದ್ದು ಎರಡು, ಒಂದಡಿ ಮಣ್ಣಿನೊಳಗೆ, ಮೇಲೆ ಮುಚ್ಚಳ, ಇದು ಕ್ರಮ. ಪೈಪಿಗೆ ಅಡಿಯಿಲ್ಲ. ಬೈಲಿನ ಬದಿಯ ಹಿತ್ತಿಲಾದರೆ ಆಟಿಯಲ್ಲಿ ನೀರು ಕೆಳಗಿನಿಂದಲೇ ಏರಿ ಬರುತ್ತದೆ, ಮುಚ್ಚಳ ಎಷ್ಟು ಭದ್ರವಾದರೂ ಪ್ರಯೋಜನವಿಲ್ಲ. ಗಾಳಿ ಆಡದಲ್ಲಿ ಕೊಳೆತರೆ ನಾತ ಬರುವುದೇ. ಮನೆಯ ಎತ್ತರದ ಮಗ್ಗುಲಿಗೆ, ಮಾಡಿನ ನೀರು ಬೀಳದಲ್ಲಿ, ಬಾವಿಯಿಂದ ಹತ್ತು ಮೀಟರಾದರೂ ದೂರ, ಬಾವಿಗಿಂತ ತಗ್ಗಿನಲ್ಲಿ ನೆಡಿ.

ಒಂದು ಪಾಲು ಹಸಿಕಸಕ್ಕೆ ಎರಡು ಪಾಲು ತರಗೆಲೆ ಹಾಕಬೇಕು. ಮಳೆಗಾಲದಲ್ಲಿ ಒಣ ತರಗೆಲೆ ಎಲ್ಲಿಂದ ಎನ್ನುವಿರಾದರೆ, ಅದಕ್ಕೇ ಏಪ್ರಿಲಿನಲ್ಲಿ ಎರಡು ಗೋಣಿ ತುಂಬಿ ಹಟ್ಟಿಯಲ್ಲಿ ಇಟ್ಟಿರಬೇಕು. ಇಲ್ಲದಿದ್ದರೆ ತೆಂಗಿನ ನಾರಿನ ಹುಡಿ, ಮರದ ಹುಡಿ. ಅಡಕೆ ಸಿಪ್ಪೆ ಬೇಡ, ಅದು ಕರಗಲು ಬಹಳ ಕಾಲ ಬೇಕು, ಬುಡಕ್ಕೆ ಮುಚ್ಚಿಗೆಯಾಗಿ ಹಾಕಿ. ಈಗಲೇ ನಾರುತ್ತಿದ್ದರೆ ಹುಡಿಯನ್ನು ಧಾರಾಳ ಹಾಕಿ ಕೋಲಿನಿಂದ ಕೆದಕಿ, ಒಂದು ಲೋಟ ಹಸಿ ಸೆಗಣಿಯ ನೀರಿಗೆ ಅಚ್ಚಿನಷ್ಟು ಬೆಲ್ಲ ಕರಗಿಸಿ ಹೊಯ್ಯಿರಿ. ಬೂದುಬಣ್ಣದ ದಪ್ಪ ಹುಳುಗಳು ಕಪ್ಪು ಸೈನಿಕ ನೊಣದ್ದು, ನಿಮ್ಮ ಕೆಲಸವನ್ನೇ ಮಾಡುತ್ತಿವೆ. ಮೀನಿನ ಕಸವನ್ನು ಪೈಪಿಗೆ ಹಾಕಬೇಡಿ, ತೆಂಗಿನ ಬುಡದಲ್ಲಿ ಒಂದಡಿ ಆಳಕ್ಕೆ ಹೂಳಿ.

ಪ್ಲಾಸ್ಟಿಕ್ ತೊಟ್ಟೆಗಳನ್ನು ಬಚ್ಚಲ ಒಲೆಗೆ ಹಾಕುವ ಮನೆಗಳು ಇನ್ನೂ ಇವೆ. ಆ ಹೊಗೆ ನೀರು ಕಾಯಿಸುವವರ ಎದೆಗೇ ಹೋಗುವುದು. ತೊಳೆದು ಒಣಗಿಸಿ, ಮನೆಮನೆಯಿಂದ ಕಸ ಒಯ್ಯುವ ಹರಿತ ಕರ್ಮ ಸೇನೆಯವರು ಬಂದಾಗ ಕೊಡಿ.

ಪ್ರಶ್ನೆ: ಸ್ಕೂಟರ್ ಬಿಟ್ಟು ಸೈಕಲಿನಲ್ಲಿ ಆಫೀಸಿಗೆ ಹೋದರೆ ನಿಜಕ್ಕೂ ಎಷ್ಟು ಉಳಿಯುತ್ತದೆ? ಹೋಗಿಬರಲು ಹತ್ತು ಕಿಲೋಮೀಟರ್. ಎಲೆಕ್ಟ್ರಿಕ್ ಸೈಕಲಿಗೆ ಲೈಸನ್ಸ್ ಬೇಕೇ?
– ಕಾಸರಗೋಡಿನಿಂದ

ಉತ್ತರ: ತಿಂಗಳಿಗೆ 25 ದಿನ ಎಂದರೆ 250 ಕಿಲೋಮೀಟರ್. ಲೀಟರಿಗೆ 45 ಕೊಡುವ ಸ್ಕೂಟರಿಗೆ ಐದೂವರೆ ಲೀಟರ್ ಪೆಟ್ರೋಲ್. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್, ಅಂದರೆ ತಿಂಗಳಿಗೆ ಹತ್ತಿರ ಹತ್ತಿರ 13 ಕಿಲೋ. ವಾರಕ್ಕೆ ಮೂರೇ ದಿನ ಹೋದರೂ ಅರ್ಧ ಉಳಿಯಿತು. ಮಳೆಯ ದಿನ ಬಸ್ಸಿನಲ್ಲಿ ಹೋಗಿ.

ಮೋಟರ್ 250 ವ್ಯಾಟಿನೊಳಗೆ, ವೇಗ ಗಂಟೆಗೆ 25 ಕಿಲೋಮೀಟರಿನೊಳಗೆ ಇದ್ದರೆ ನೋಂದಣಿಯೂ ಬೇಡ, ಲೈಸನ್ಸೂ ಬೇಡ. ಇದಕ್ಕಿಂತ ಜೋರಿನ ಕಿಟ್ ಕೂರಿಸಿದರೆ ಕಾನೂನಿನ ಕಣ್ಣಿಗೆ ಅದು ಮೋಟಾರು ವಾಹನವೇ. 36 ವೋಲ್ಟ್, 7.5 ಆಂಪಿಯರ್-ಅವರ್ ಬ್ಯಾಟರಿ ತುಂಬಲು ಮೂರರಲ್ಲೊಂದು ಯೂನಿಟ್ ಕರೆಂಟು ಸಾಕು. ಏರಿನಿಂದ ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ, ಬ್ಯಾಟರಿ ತಣಿಯಲಿ. ತುಲಾ ತಿಂಗಳ ಸಿಡಿಲು ಶುರುವಾದರೆ ಚಾರ್ಜರಿನ ಪ್ಲಗ್ ಕಿತ್ತಿಡಿ. ವಯರುಗಳನ್ನು ಕನೆಕ್ಟರಿಗಿಂತ ಕೆಳಗೆ ಒಂದು ತೂಗುಬಳ್ಳಿಯ ಹಾಗೆ ಬಾಗಿಸಿ ಕಟ್ಟಿದರೆ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಹೋಗುವುದಿಲ್ಲ.

ಪ್ರಶ್ನೆ: ಸೈಕಲಿನಲ್ಲಿ ಮೀನು ತರಲು ತೊಟ್ಟೆ ಇಲ್ಲದೆ ಹೇಗೆ? ಬಟ್ಟೆಚೀಲ ಒಮ್ಮೆ ತಂದದ್ದಕ್ಕೇ ನಾರುತ್ತದೆ.
– ಕಾಸರಗೋಡಿನಿಂದ ಇನ್ನೊಬ್ಬರು

ಉತ್ತರ: ಬಿಗಿ ಮುಚ್ಚಳದ ಸ್ಟೀಲ್ ಡಬ್ಬ, ಐದು ಲೀಟರಿನದು. ಹ್ಯಾಂಡಲಿಗೆ ತೂಗಹಾಕಬೇಡಿ, ತಿರುವಿನಲ್ಲಿ ಓಲಾಡಿ ಸ್ಪೋಕಿಗೆ ತಾಗುತ್ತದೆ. ಕ್ಯಾರಿಯರಿನ ಮೇಲೆ ಹಳೆಯ ಟ್ಯೂಬಿನ ಎರಡು ಪಟ್ಟಿಯಿಂದ ಅಡ್ಡಡ್ಡ ಬಿಗಿದು, ಒಂದು ಸುತ್ತನ್ನು ಮುಚ್ಚಳದ ಮೇಲೂ ತನ್ನಿ. ತಳಕ್ಕೆ ಒಂದು ತುಂಡು ಬಾಳೆಲೆ ಹಾಸಿದರೆ ಮನೆಗೆ ಬಂದು ತೊಳೆಯಲು ಸುಲಭ. ಮನೆಯ ಬೆಕ್ಕು ಸೈಕಲಿನ ಹಿಂದೆ ಬರುವುದಕ್ಕೆ ಮಾತ್ರ ನಮ್ಮಲ್ಲಿ ಉಪಾಯವಿಲ್ಲ.